ಬದಲಾವಣೆಗೆ ಕಾರಣ

ನಮ್ಮೂರ ದೇವರಾಜು ಮೇಷ್ಟ್ರು ಹೊಳೆನರಸೀಪುರದ ಕಾಲೇಜೊಂದರಲ್ಲಿ ಮಕ್ಕಳಿಗೆ ವಿಕಿಪೀಡಿಯದಲ್ಲಿ ಬರೆಯುವುದನ್ನು ಕಲಿಸುತ್ತಾರೆ. ಲೇಖನದಲ್ಲಿ ಒಂದು ಪದ ಮುಟ್ಟಿದರೂ ಕೆಳಗಿನ ಚೌಕದಲ್ಲಿ ಕಾರಣ ಬರೆಯಬೇಕು, ಬರೆದದ್ದೆಲ್ಲ ಪುಟದ ಇತಿಹಾಸದಲ್ಲಿ ಹೆಸರಿನ ಸಮೇತ ಉಳಿಯುತ್ತದೆ ಎಂದು ಅವರು ಹೇಳಿ ಹೇಳಿ ಮಕ್ಕಳ ಕಿವಿ ತೂತಾಗಿತ್ತು.

ಅವರ ವಿದ್ಯಾರ್ಥಿನಿ ವರ್ಷಾ ನಮ್ಮೂರವಳೇ. ಹಳ್ಳಿಮೈಸೂರಿನ ಪಕ್ಕದ ಈ ಊರಿನ ಲೇಖನಕ್ಕೆ ಅವಳೊಂದು ವಾಕ್ಯ ಸೇರಿಸಿದಳು. ಶಾಲೆಗೆ ಜಾಗ ಕೊಟ್ಟವರು ಲಕ್ಕಮ್ಮ, ರಾಗಿ ಒಕ್ಕುವ ತಮ್ಮ ಕಣವನ್ನೇ ಬಿಟ್ಟುಕೊಟ್ಟರು ಎಂದು. ಹಳೇ ಪತ್ರಿಕೆಯ ಸುದ್ದಿಯನ್ನು ಆಧಾರವಾಗಿ ಕೊಟ್ಟಿದ್ದಳು. ಲಕ್ಕಮ್ಮ ಅವಳ ಅಜ್ಜಿ.

ಮೇಷ್ಟ್ರ ಮನೆಯಲ್ಲಿ ಮಾತ್ರ ಆ ಜಾಗ ಕೊಟ್ಟವರು ಅವರ ತಂದೆ ಎಂದೇ ಮಾತು. ನಿಜಕ್ಕೆ ತಂದೆ ಕೊಟ್ಟದ್ದು ಶಾಲೆಯ ಸೂರಿನ ಹೆಂಚು. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಹೆಂಚಿನ ಕೆಳಗಿನ ನೆಲವೂ ಅವರದೇ ಆಗಿಬಿಟ್ಟಿತ್ತು. ಮೇಷ್ಟ್ರಿಗೆ ನಿಜ ಗೊತ್ತಿತ್ತು. ಆದರೂ ವಾಕ್ಯವನ್ನು ಅಳಿಸಿ, ಕಾರಣದ ಚೌಕದಲ್ಲಿ ‘ಚಿತ್ರದ ಅಳತೆ ಸರಿಪಡಿಸಿದೆ’ ಎಂದು ಬರೆದರು. ಇತಿಹಾಸವನ್ನು ಯಾರು ತೆಗೆದು ನೋಡುತ್ತಾರೆ ಎಂಬ ಭಂಡ ಧೈರ್ಯ.

ಆ ಶನಿವಾರ ಊರಿಗೆ ಬರುವಾಗ ರಸ್ತೆಯ ತುಂಬ ರಾಗಿ ಹರಡಿತ್ತು. ಕಣ ಹೋದಾಗಿನಿಂದ ಲಕ್ಕಮ್ಮನ ಮನೆಯ ಒಕ್ಕಣೆ ಟಾರ್ ರಸ್ತೆಯಲ್ಲೇ, ಹೋಗಿಬರುವ ಗಾಡಿಗಳೇ ತೆನೆ ತುಳಿಯಬೇಕು. ಮೇಷ್ಟ್ರು ಪ್ರತಿ ಸುಗ್ಗಿಯಲ್ಲೂ ಗೊಣಗಿಕೊಂಡೇ ದಾಟುತ್ತಿದ್ದರು. ಈ ಸಲ ಲಕ್ಕಮ್ಮ ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದಳು.

“ಮೇಷ್ಟ್ರೇ, ಮೊಬೈಲ್ನಾಗೆ ನನ್ನೆಸ್ರು ಬಂದಿತ್ತು, ಈಗ ಇಲ್ವಂತೆ. ಯಾರೋ ತಿಳಿದೋರೇ ತಗ್ದಿರ್ಬೇಕು. ನಾನು ಕಣ ಕೊಟ್ಟಿದ್ದು ಸುಳ್ಳಾ? ನೀವೇ ವಸಿ ಕೇಳ್ನೋಡಿ.”

ಮೇಷ್ಟ್ರು ಪಕ್ಕದಲ್ಲೇ ಇದ್ದ ವರ್ಷಾಳತ್ತ ನೋಡಿದರು. ಅವಳು ತಲೆ ತಗ್ಗಿಸಿ ತೆನೆ ಸರಿಸುತ್ತಿದ್ದಳು. ಅವಳು ಇತಿಹಾಸ ನೋಡಿದ್ದಾಳೆ, ಅಜ್ಜಿಗೆ ಅಳಿಸಿದವರ ಹೆಸರು ಹೇಳಿಲ್ಲ, ತಮ್ಮ ಮಾನ ಕಾಯುತ್ತಿದ್ದಾಳೆ ಎಂದು ಅವರಿಗೆ ಅರ್ಥವಾಯಿತು. ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕಾರಿನಲ್ಲೇ ಕೂತು ಫೋನ್ ತೆಗೆದು ವಾಕ್ಯವನ್ನು ಮತ್ತೆ ಸೇರಿಸಿದರು. ಕಾರಣದ ಚೌಕದಲ್ಲಿ ‘ತಪ್ಪಿ ಅಳಿಸಿಹೋಗಿತ್ತು’ ಎಂದು ಬರೆದು, ಅದನ್ನೂ ಅಳಿಸಿ, ಬೇರೆ ಬರೆದು ಉಳಿಸಿದರು. ಆಮೇಲೆ ಫೋನನ್ನು ವರ್ಷಾಳ ಕೈಗೆ ಕೊಟ್ಟರು.

“ಅಜ್ಜಿಗೆ ಕೇಳೋ ಅಂಗೆ ಓದಮ್ಮ.”

ವರ್ಷಾ ತಡವರಿಸುತ್ತ ಓದಿದಳು: “ಈ ವಾಕ್ಯ ನಿಜ. ನನ್ನ ತಂದೆಯ ಹೆಸರು ದೊಡ್ಡದಾಗಲಿ ಎಂದು ನಾನೇ ಅಳಿಸಿ, ಸುಳ್ಳು ಕಾರಣ ಬರೆದಿದ್ದೆ. ದೇವರಾಜು.”

ಬೈಗುಳ ಬರಲಿ ಎಂದೇ ಮೇಷ್ಟ್ರು ಕಾದರು.

“ನಿಮ್ಮಪ್ಪಾರು ಕೊಟ್ಟ ಹೆಂಚ್ನೂ ಬರೀರಿ ಮೇಷ್ಟ್ರೇ” ಎಂದಳು ಲಕ್ಕಮ್ಮ. “ಮಳೆಗಾಲ್ದಲ್ಲಿ ಮಕ್ಳು ನೆನೀನಿಲ್ಲ.”

ಅವಳು ದಾರಿ ಬಿಟ್ಟಳು. ಮೇಷ್ಟ್ರು ರಾಗಿಯ ಮೇಲೆ ನಿಧಾನವಾಗಿ ಕಾರು ಬಿಟ್ಟರು. ಆ ಕಡೆ ದಾಟಿದ ಮೇಲೆ ಮನೆಗೆ ಹೋಗಲು ಮನಸ್ಸಾಗದೆ, ತಿರುಗಿಸಿಕೊಂಡು ಬಂದು ಮತ್ತೆ ತುಳಿಸಿದರು. ತೆನೆಯ ಕಾಳೆಲ್ಲ ಉದುರುವವರೆಗೂ ಹಾಗೇ ಹೋಗಿ ಬಂದು ಮಾಡಿದರು, ಒಮ್ಮೆಯೂ ತಲೆಯೆತ್ತಿ ಆ ಅಜ್ಜಿ ಮೊಮ್ಮಗಳನ್ನು ನೋಡಲಿಲ್ಲ.