ಮೂರು ಮೇಳ, ಒಂದು ಬೆಳ್ಳಿ ಕಡಗ

ಒಂದಕ್ಕಿಂತ ಹೆಚ್ಚು ಮೇಳ ಒಂದೇ ಕಡೆ ಹಾಡುವುದಾದರೆ ಅಲ್ಲೊಬ್ಬ ನಿರ್ಣಾಯಕ ಇರಲೇಬೇಕು, ಇಲ್ಲದಿದ್ದರೆ ತಲೆ ಒಡೆಯುತ್ತವೆ ಎಂಬುದು ಬಾಪುಸಾಹೇಬರ ಗಟ್ಟಿ ನಂಬಿಕೆ. ಕಾಗವಾಡದ ಗಡಿಯಲ್ಲಿ ಬಾರ್ ಇಟ್ಟುಕೊಂಡಿದ್ದ ಈ ಕಬ್ಬಿನ ಸಾಹುಕಾರರಿಗೆ ಹಾಡಿಕೆ ಎಂದರೆ ಡೊಳ್ಳಿನ ಹಾಡಿಕೆ. ಒಂದು ಮೇಳ ಪದದಲ್ಲಿ, ಅಂದರೆ ಹಾಡಿನಲ್ಲಿ, ಸವಾಲು ಹಾಕಬೇಕು, ಇನ್ನೊಂದು ಮೇಳ ಪದದಲ್ಲೇ ಜವಾಬು ಕೊಡಬೇಕು, ಜವಾಬು ತೋಚದೆ ತಡವರಿಸಿದವರು ಸೋತಂತೆ. ಹಾಗಾಗಿ ತೊಂಬತ್ಮೂರರ ದೀಪಾವಳಿ ಕಳೆದ ಮೇಲೆ ಸಾಂಗಲಿ, ಮಿರಜ ಕಡೆಯ ಹುಡುಗರು ಬಂದು ಭಾನುವಾರ ಮಧ್ಯಾಹ್ನ ಮೂರು ರಾಕ್ ಬ್ಯಾಂಡುಗಳು ನಿಮ್ಮ ಬಾರಿನಲ್ಲಿ ಬಾರಿಸುತ್ತವೆ ಎಂದಾಗ ಸಾಹುಕಾರರು ಬೇರೇನೂ ಕೇಳಲಿಲ್ಲ. ಬಹುಮಾನಕ್ಕೊಂದು ಬೆಳ್ಳಿ ಕಡಗ ಮಾಡಿಸಿದರು, ಮಂಗಸೂಳಿಗೆ ಜೀಪು ಕಳಿಸಿ ಮಾಳಸಿದ್ದನನ್ನು ಕರೆಸಿದರು.

ಮಾಳಸಿದ್ದ ಕುರಿ ಸಾಕುವವ. ಆದರೆ ಅಥಣಿಯಿಂದ ರಾಯಬಾಗದವರೆಗೆ ಎಲ್ಲಿ ಡೊಳ್ಳಿನ ಹಾಡಿಕೆ ನಡೆದರೂ ನಿರ್ಣಯ ಹೇಳಲು ಅವನೇ ಬೇಕು. ಇಪ್ಪತ್ತು ವರ್ಷಗಳಲ್ಲಿ ಅವನ ನಿರ್ಣಯಕ್ಕೆ ಒಬ್ಬರೂ ತಕರಾರು ತೆಗೆದಿರಲಿಲ್ಲ. ಹೆಂಡತಿ ದುಂಡವ್ವನ ತಮ್ಮನ ಮೇಳವನ್ನೇ ಎರಡು ಸಲ ಸೋಲಿಸಿ, ಅದರ ಫಲವಾಗಿ ಒಂದು ವರ್ಷ ತಣ್ಣನೆ ರೊಟ್ಟಿ ತಿಂದಿದ್ದ. ಕುರಿಗಳು ಇವತ್ತಿರುತ್ತವೆ, ನಾಳೆ ಸಂತೆಗೆ ಹೋಗುತ್ತವೆ. ಆ ಹೆಸರೊಂದೇ ಅವನ ಆಸ್ತಿ.

ಒಬ್ಬನೇ ಮಗ ಸಿದರಾಯ ಮನೆಯಲ್ಲಿರಲಿಲ್ಲ. ಎರಡು ವರ್ಷದ ಹಿಂದೆ ಡೊಳ್ಳನ್ನು ಗೂಟಕ್ಕೆ ಹಾಕಿ, "ಅಪ್ಪಾ, ಒಂದ ಮಾತೈತಿ" ಎಂದು ಮೂರು ಸಲ ಬಂದಿದ್ದ. ಮೂರು ಸಲವೂ ಮಾಳಸಿದ್ದ ಯಾವುದೋ ಊರಿಗೆ ನಿರ್ಣಯ ಹೇಳಲು ಹೊರಟಿದ್ದ. "ಬಂದ ಮ್ಯಾಲ ಕೇಳ್ತೀನಿ" ಎಂದು ಕಂಬಳಿ ಕೊಡವಿ ಹೋಗಿಬಿಟ್ಟಿದ್ದ. ನಾಲ್ಕನೆಯ ಸಲ ಮಗ ಅಪ್ಪನ ಹತ್ತಿರ ಬರಲಿಲ್ಲ, ಮಿರಜದ ಬಸ್ಸು ಹತ್ತಿದ. ಅಲ್ಲಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ ಎಂಬಷ್ಟೇ ಸುದ್ದಿ. ಮಾಳಸಿದ್ದನಿಗೆ ಸಿಟ್ಟಿತ್ತು, ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. ಎರಡನ್ನೂ ಅವನು ಯಾರ ಮುಂದೆಯೂ ಆಡಿರಲಿಲ್ಲ.

ಬಾರಿನ ಟೇಬಲ್ಲುಗಳನ್ನು ಗೋಡೆಗೆ ಸರಿಸಿ, ಬಿಯರ್ ಕ್ರೇಟುಗಳ ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ಕರಿ ಅಂಗಿಯ ಎಂಬತ್ತು ತೊಂಬತ್ತು ಹುಡುಗರು ನಿಂತಿದ್ದರು. ಎಲ್ಲರ ಮುಂದೆ ಎರಡು ಕುರ್ಚಿ. ಒಂದರ ಮೇಲೆ ತಲೆಗೆ ಕೆಂಪು ರುಮಾಲು ಸುತ್ತಿದ ಮಾಳಸಿದ್ದ, ಇನ್ನೊಂದರ ಮೇಲೆ ಶಿರಗುಪ್ಪಿಯ ಇಂಗ್ಲಿಷ್ ಮಾಸ್ತರ ತವನಪ್ಪ. ಹಾಡಿನ ಅರ್ಥ ಹೇಳುವುದು ಮಾಸ್ತರರ ಕೆಲಸ. ಬಾರಿನಲ್ಲಿ ಹಳೆಯ ಶಿಷ್ಯರು ಯಾರಾದರೂ ನೋಡಿಯಾರೆಂದು ಅವರು ಲಿಂಬು ಸೋಡಾವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದರು.

"ಜಲ್ದಿ ಮುಗಿಸ್ರಿ, ಸಾವ್ಕಾರ್ರ. ಸಂಜಿಕ ಉಗಾರದಾಗ ಹಾಡಿಕಿ ಐತಿ," ಎಂದು ಮಾಳಸಿದ್ದ ಮೊದಲೇ ಹೇಳಿಟ್ಟ.

ಮೊದಲನೆಯ ಬ್ಯಾಂಡು ಶುರುವಾಯಿತು. ಶುರುವಾಯಿತೇನು, ಮೈಮೇಲೆ ಬಿತ್ತು. ಗಾಜಿನ ಲೋಟಗಳು ನಡುಗಿದವು, ಮಾಸ್ತರರ ಸೋಡಾ ತುಳುಕಿ ಧೋತರ ತೊಯ್ಯಿತು. ಮಾಳಸಿದ್ದ ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಂಡ. ಆದರೆ ಕಸುಬುದಾರ, ಎರಡನೆಯ ಪದಕ್ಕೆಲ್ಲ ಕಂಬಳಿ ಸರಿಸಿ ಕಿವಿ ಕೊಟ್ಟ.

"ಸವಾಲೇನ್ರಿ, ಮಾಸ್ತರ್ರ?"

"ನೀ ಇಲ್ದಿದ್ರ ನಾ ಸಾಯ್ತೀನಿ ಅನ್ನಾಕತ್ತಾನ."

"ಯಾರ ಇಲ್ದಿದ್ರ?"

"ಹೆಸರ ಹೇಳವಲ್ಲ."

"ಬರಕೋರಿ. ಹೆಸರಿಲ್ದ ಸವಾಲು."

ಎರಡನೆಯ ಬ್ಯಾಂಡು ಬಂತು. "ಇವರ ಜವಾಬು?" ಎಂದ.

ಮಾಸ್ತರರು ಕಿವಿ ಚಾಚಿ ಕೇಳಿದರು. "ದಾರಿ ಕರದೈತಿ, ನಾ ಹೊಂಟೀನಿ, ಅಳಬ್ಯಾಡ ಅಂತಾನ."

ಮಾಳಸಿದ್ದ ತೊಡೆ ತಟ್ಟಿದ. "ಭಲೇ! ಬಂತ ನೋಡ್ರಿ ಜವಾಬು!"

ಆ ಬ್ಯಾಂಡುಗಳಿಗೆ ಒಬ್ಬರ ಪದ ಇನ್ನೊಬ್ಬರಿಗೆ ಸಂಬಂಧ ಎಂದು ಕನಸೂ ಬಿದ್ದಿರಲಿಲ್ಲ. ಎರಡನೆಯ ಬ್ಯಾಂಡಿನ ಗಿಟಾರಿನವ ಒಂದೇ ಸ್ವರವನ್ನು ಹಿಂಜಿ ಹಿಂಜಿ ಎಳೆದಾಗ ಮಾಳಸಿದ್ದ ಎದ್ದು ನಿಂತು ಕೈಯೆತ್ತಿದ. ನುಡಿ, ಅಂದರೆ ಪದದ ಚರಣ, ಮತ್ತೊಮ್ಮೆ ಕೇಳುವ ಹಕ್ಕು ನಿರ್ಣಾಯಕನಿಗಿದೆ. "ಆ ನುಡಿ ಇನ್ನೊಮ್ಮೆ ಬರ್ಲಿ!" ಕಂಬಳಿ ಹೊದ್ದ ಅಭಿಮಾನಿಯನ್ನು ಹುಡುಗರು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅವರು ಸಿಳ್ಳೆ ಹಾಕಿದರು, ಗಿಟಾರಿನವ ನಾಚಿಕೊಂಡು ಎರಡು ಪಟ್ಟು ಉಮೇದಿಯಿಂದ ಬಾರಿಸಿದ.

ಮೂರನೆಯದು ಪಂಕ್ ಬ್ಯಾಂಡು. ಹಾಡುವವನ ಕೂದಲು ನೆಟ್ಟಗೆ ನಿಂತಿತ್ತು, ಅಂಗಿಯ ತುಂಬ ಪಿನ್ನು ಚುಚ್ಚಿಕೊಂಡಿದ್ದ.

"ಗುಂಡಿ ಹಚ್ಚಾಕ ಮನ್ಯಾಗ ಯಾರೂ ಇಲ್ಲೇನ್ರಿ, ಪಾಪ?" ಎಂದ ಮಾಳಸಿದ್ದ.

ಡ್ರಮ್ಮಿನವ ಹೆಗಲವರೆಗೆ ಕೂದಲು ಬಿಟ್ಟು, ಕಂಚಿನ ತಟ್ಟೆಯ ಹಿಂದೆ ಮುಖ ಅಡಗಿಸಿಕೊಂಡು ಕೂತಿದ್ದ. ಮೊದಲ ಪೆಟ್ಟಿಗೆ ಮುಂಚೆ ಅವನ ಎಡಹೆಗಲು ಸ್ವಲ್ಪ ಕೆಳಗೆ ವಾಲಿತು. ಮಾಳಸಿದ್ದ ಕುರ್ಚಿಯ ಅಂಚಿಗೆ ಸರಿದ. ಏಳು ವರ್ಷದ ಸಿದರಾಯನಿಗೆ ಡೊಳ್ಳು ಕಟ್ಟಿ, ಹೆಗಲು ಹೀಗೆ ಇಳಿಸೋ ಎಂದು ಕಲಿಸಿದವ ತಾನೇ.

ಈಗ ಬಂತಲ್ಲ ಪಂಚಾಯಿತಿ. ಕಡಗ ಮಗನಿಗೆ ಕೊಟ್ಟರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು. ಕೊಡದಿದ್ದರೆ ಮಗ ಇನ್ನು ಮಂಗಸೂಳಿಯತ್ತ ತಲೆ ಹಾಕಿ ಮಲಗಲಾರ. ಅತ್ತ ಮೊದಲ ಹಾಡು ಮುಗಿದಿತ್ತು, ಡ್ರಮ್ಮಿನವ ಎದ್ದು ಹಾಡುವವನ ಅಂಗಿ ಜಗ್ಗುತ್ತಿದ್ದ, ಯಾವುದೋ ಹಾಡು ಬೇಡ ಎನ್ನುವಂತಿತ್ತು. ಹಾಡುವವ ಕೈ ಕೊಡವಿಕೊಂಡು ಚೀರಲು ಶುರು ಮಾಡಿಯೇಬಿಟ್ಟ.

ಮಾಸ್ತರರು ಸೋಡಾದ ಲೋಟದೊಳಗೆ ಇಣುಕಿದರು.

"ಏನಂತಾನ್ರಿ?"

"ಬಿಡಪಾ ಮಾಳಣ್ಣ, ಬರೇ ಚೀರಾಟ."

"ನಾ ನಿರ್ಣಾಯಕ, ಬಿಡಾಕ ಬರಂಗಿಲ್ಲ. ಹೇಳ್ರಿ."

ಮಾಸ್ತರರು ಗಂಟಲು ಸರಿ ಮಾಡಿಕೊಂಡರು. "ಪದ ಆ ಡ್ರಮ್ಮಿನಾಂವ ಕಟ್ಟಿದ್ದಂತ, ಹಾಡಾಂವ ಇಂಗ್ಲಿಷಿಗೆ ತಿರುವ್ಯಾನಂತ, ಈಗ ಮೈಕಿನ್ಯಾಗ ಹೇಳಿದ. ನಮ್ಮಪ್ಪ ಊರೂರ ಹಾಡು ಕೇಳ್ತಾನ, ನನ್ನ ಮಾತು ಯಾವಾಗ ಕೇಳ್ತಾನ ಅಂತೈತಿ. ಅದನ್ನ ತಿರುತಿರುಗಿ ಅನ್ನಾಕತ್ತಾನ."

ಮಾಳಸಿದ್ದ ಹಾಡು ಮುಗಿಯುವವರೆಗೆ ಕಣ್ಣು ಮುಚ್ಚಿ ಕೇಳಿದ.

ಬಾಪುಸಾಹೇಬರು ಕುಂಕುಮ ಹಚ್ಚಿದ ತಟ್ಟೆಯಲ್ಲಿ ಕಡಗ ಇಟ್ಟುಕೊಂಡು ಬಂದರು. ಮಾಳಸಿದ್ದ ಉಳಿದೆರಡು ಬ್ಯಾಂಡುಗಳ ಕಡೆ ತಿರುಗಿ, "ಈ ಸವಾಲಿಗೆ ಜವಾಬು ಕೊಡಾವ್ರು ಅದೀರೇನು?" ಎಂದು ಕೇಳಿದ. ಮಾಸ್ತರರು ಅದನ್ನೇ ಮರಾಠಿಯಲ್ಲಿ ಕೇಳಿದರು. ಹುಡುಗರು ಮುಖಮುಖ ನೋಡಿಕೊಂಡರು.

"ಹಂಗಾದ್ರ ಇವರ ಗೆದ್ರು!" ಎಂದರು ಸಾಹುಕಾರರು.

"ತಡೀರಿ, ಸಾವ್ಕಾರ್ರ. ಸವಾಲು ಆ ಎರಡೂ ಮೇಳಕ್ಕ ಹಾಕಿದ್ದಲ್ಲ. ನನಗ ಹಾಕ್ಯಾರ. ಅಂವ ನನ್ನ ಮಗ."

ಮಾಳಸಿದ್ದ ಓಲಾಡುವ ಕ್ರೇಟುಗಳ ಮೇಲೆ ಹತ್ತಿ ಡ್ರಮ್ಮಿನ ಮುಂದೆ ನಿಂತ. ಸೋತ ಮೇಳದ ಹಿರಿಯ ರುಮಾಲು ತೆಗೆದು ಗೆದ್ದವರ ಡೊಳ್ಳಿನ ಮೇಲೆ ಇಡುವುದು ಹಾಡಿಕೆಯವರ ರೂಢಿ. ಇವನು ನಿರ್ಣಾಯಕ, ಜನ್ಮದಲ್ಲಿ ಯಾರ ಮುಂದೆಯೂ ರುಮಾಲು ತೆಗೆದವನಲ್ಲ. ಈಗ ತೆಗೆದು ಡ್ರಮ್ಮಿನ ಮೇಲಿಟ್ಟ.

"ಸಿದರಾಯಾ, ನಿನ್ನ ಸವಾಲಿಗೆ ನನ್ನ ಕಡೆ ಜವಾಬಿಲ್ಲ. ನಾ ಸೋತೀನಿ."

ಸಿದರಾಯನ ಕಣ್ಣು ತುಂಬಿ ಬಂತು. ಭಾಷೆ ತಿಳಿಯದಿದ್ದರೂ ರುಮಾಲು ಇಟ್ಟದ್ದನ್ನು ಕಂಡು, ಗೆದ್ದೆವೆಂದುಕೊಂಡ ಪಿನ್ನಿನ ಹುಡುಗ ಸಾಹುಕಾರರ ತಟ್ಟೆಯಲ್ಲಿದ್ದ ಕಡಗಕ್ಕೆ ಕೈ ಹಾಕಿದ.

"ಏ, ಕೈ ತಗಿ!" ಮಾಳಸಿದ್ದ ಗದರಿದ. "ನಾ ಸೋತದ್ದು ಬ್ಯಾರೆ, ನಿರ್ಣಯ ಬ್ಯಾರೆ. ಎರಡನೇ ನುಡ್ಯಾಗ ತಾಳ ಬಿಟ್ಟಿಯಲೇ, ಸಿದರಾಯಾ. ಕಡಗ ಎರಡನೇ ಮೇಳಕ್ಕ."

ಎಲ್ಲರಿಗಿಂತ ಮೊದಲು ನಕ್ಕವ ಸಿದರಾಯನೇ. "ಖರೇನ ಬಿಟ್ಟಿನಪಾ. ಬಾರಿಸಾಕತ್ತಾಗ ನಿನ್ನ ರುಮಾಲಿನ ಕಡೆ ನೋಡಿ ಕೋಲು ತಪ್ಪಿತ್ತು."

ಆ ನಿರ್ಣಯಕ್ಕೂ ಯಾರೂ ತಕರಾರು ತೆಗೆಯಲಿಲ್ಲ. ಗಿಟಾರಿನವ ಕಡಗ ತೊಟ್ಟು ಕುಣಿದ, ಜನ ಬಿಯರಿನ ಕಡೆ ಹರಿದರು. ಮಾಳಸಿದ್ದ ಖಾಲಿ ಕ್ರೇಟೊಂದನ್ನು ಡ್ರಮ್ಮಿನ ಪಕ್ಕಕ್ಕೆ ಎಳೆದು, ಕಂಬಳಿ ಮಡಿಚಿ ಹಾಸಿ ಕೂತ.

"ಎರಡ ವರ್ಷದ ಹಿಂದ ಒಂದ ಮಾತೈತಿ ಅಂದಿದ್ದಿ. ಏನದು?"

ಸಿದರಾಯ ಕೋಲುಗಳನ್ನು ಕೆಳಗಿಟ್ಟು ಬಾಯಿ ತೆರೆಯುವಷ್ಟರಲ್ಲಿ ಬಾಪುಸಾಹೇಬರು ಬಾಗಿಲಿಂದ ಕೂಗಿದರು. "ಮಾಳಣ್ಣಾ, ಉಗಾರಕ್ಕ ಹೊತ್ತಾತು! ಜೀಪ್ ತಯಾರ್ ಐತಿ!"

ಮಾಳಸಿದ್ದ ತಿರುಗಿ ನೋಡಲಿಲ್ಲ.

"ಅವರಿಗೆ ಕಾಯಾಕ ಹೇಳ್ರಿ, ಸಾವ್ಕಾರ್ರ. ಈಗ ನಾ ಕೇಳಾಕತ್ತೀನಿ."