ಬಹೀಗಾಳ ಹೊಕ್ಕುಳು, ಇನ್ಸಾಫಳ ಗಂಟಲು

ಅಲೆಕ್ಸಾಂಡ್ರಿಯಾದ ಅನ್ಫೂಶಿಯಲ್ಲಿ, ಮೀನುಗಾರರ ಓಣಿಯಲ್ಲಿ, ಮದುವೆಯೆಂದರೆ ಮೊದಲು ಬೇಕಾದದ್ದು ಬಹೀಗಾಳ ನಾಲಿಗೆ. ಬಾಯಿಗೆ ಅಂಗೈ ಅಡ್ಡ ಹಿಡಿದು, ನಾಲಿಗೆಯನ್ನು ಅತ್ತಿಂದಿತ್ತ ಕುಣಿಸಿ ಅವಳು ಝಗರೂತ ಎತ್ತಿದಳೆಂದರೆ ಆ ಲುಲುಲುಲು ದೋಣಿಕಟ್ಟೆಯವರೆಗೂ ಹರಿದು ಹೋಗುತ್ತಿತ್ತು. ಒಂದೇ ಉಸಿರಿನಲ್ಲಿ ಅಷ್ಟು ಹೊತ್ತು ಎಳೆಯಬಲ್ಲವಳು ಇನ್ನೊಬ್ಬಳೆಂದರೆ ಎದುರುಮನೆಯ ಇನ್ಸಾಫ್. ಇಬ್ಬರೂ ಅಜ್ಜಿಯರಾದರೂ ಜಿದ್ದು ಮಾತ್ರ ಮುದಿಯಾಗಿರಲಿಲ್ಲ.

ಕೊನೆಯ ಮಗುವನ್ನು ಹೆತ್ತಂದಿನಿಂದ ಬಹೀಗಾಳ ಹೊಕ್ಕುಳಲ್ಲೊಂದು ಉಬ್ಬು. ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ. ಓಣಿಯವರು ಕೂಸುಗಳಿಗೆ ಮಾಡುವಂತೆ ಅವಳೂ ಅದರ ಮೇಲೊಂದು ಹಳೇ ನಾಣ್ಯವಿಟ್ಟು ಬಟ್ಟೆ ಬಿಗಿದುಕೊಂಡು, ಅದೇ ಔಷಧಿಯೆಂದು ನಂಬಿದ್ದಳು. ಆ ಚಳಿಗಾಲ ಪಕ್ಕದ ಓಣಿಯ ಮದುವೆಯಲ್ಲಿ ಇನ್ಸಾಫಳ ಮೇಲೆ ಹಟಕ್ಕೆ ಬಿದ್ದು ಎಳೆದಳು ನೋಡಿ, ಕಟ್ಟು ಸಡಿಲಿ ನಾಣ್ಯ ನಿಲುವಂಗಿಯಿಂದ ಉದುರಿ ಮದುಮಗನ ಬೂಟಿನ ಬಳಿ ಉರುಳಿತು. ಯಾರೋ ಅದನ್ನು ಮುಯ್ಯಿ ಎಂದುಕೊಂಡು ಅವನ ಜೇಬಿಗೇ ಹಾಕಿದರು. ಇತ್ತ ಉಬ್ಬು ಕಲ್ಲಿನಂತಾಯಿತು. ಒಳಗೆ ಹೋಗಲೊಲ್ಲದು. ಬಹೀಗಾ ವಾಂತಿ ಮಾಡುತ್ತ ಕುಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಯುಸ್ರಿ ಅವಳನ್ನು ಮಲಗಿಸಿ, ಮೆಲ್ಲಗೆ ಒತ್ತಿ ಒತ್ತಿ ಉಬ್ಬನ್ನು ಒಳಗೆ ಕಳಿಸಿದರು.

"ಇದು ಹರ್ನಿಯಾ, ಅಮ್ಮ. ಹೊಟ್ಟೆ ಗೋಡೆಗೆ ತೂತು ಬಿದ್ದಿದೆ. ಕರುಳು ಅಲ್ಲಿಂದ ಇಣುಕಿ ನೋಡ್ತಿದೆ."

"ನೋಡ್ಲಿ ಬಿಡಪ್ಪ, ಪಾಪ. ಹುಟ್ಟಿದಾಗಿಂದ ಕತ್ತಲಲ್ಲೇ ಬಿದ್ದಿತ್ತು."

"ನೋಡೋಕೆ ಬಂದು ಅಲ್ಲೇ ಸಿಕ್ಕಾಕೊಂಡಿತ್ತು. ಇನ್ನೊಂದ್ಸಲ ಹಾಗಾದ್ರೆ ರಕ್ತ ಓಡದೆ ಕೊಳೆಯತ್ತೆ, ಆಮೇಲೆ ಜೀವಕ್ಕೇ ಕುತ್ತು. ಆಪರೇಷನ್ ಮಾಡಿ ಕರುಳನ್ನ ಒಳಗೆ ಸೇರಿಸ್ತೀನಿ. ತೂತು ಮುಚ್ಚಿ, ಮತ್ತೆ ಹರಿಯದ ಹಾಗೆ ಬಲೆ ಇಟ್ಟು ಹೊಲೀತೀನಿ."

"ಬಲೆನಾ? ನಮ್ಮ ಯಜಮಾನ್ರು ಬಲೆ ಹೆಣೆದೇ ಬದುಕಿದ್ದು. ಕಣ್ಣು ಎಷ್ಟು ದೊಡ್ಡದು, ಅದನ್ನ ಹೇಳು. ಬೂತಾಯಿ ಹಿಡಿಯೋದೋ, ದೊಡ್ಡ ಮೀನು ಹಿಡಿಯೋದೋ?"

ಡಾಕ್ಟರು ನಗು ತಡೆದುಕೊಂಡರು. "ಸಣ್ಣ ಕಣ್ಣಿಂದು. ಆ ಕಣ್ಣುಗಳೊಳಗೆಲ್ಲ ನಿಮ್ಮದೇ ಮಾಂಸ ಬೆಳೆದು ಗೋಡೆ ಗಟ್ಟಿಯಾಗತ್ತೆ. ಅಲ್ಲೀತನಕ ಭಾರ ಎತ್ತಬಾರದು, ತಿಣುಕಬಾರದು. ಝಗರೂತ ಅಂತೂ ಬೇಡವೇ ಬೇಡ."

ಬಹೀಗಾಳ ಮುಖ ಬಾಡಿತು. ಮುಂದಿನ ತಿಂಗಳೇ ಮೊಮ್ಮಗಳು ನೆಸ್ಮಾಳ ಮದುವೆಯ ಗೋರಂಟಿ. ತಾಯಿಯಿಲ್ಲದ ಆ ಹುಡುಗಿಯನ್ನು ಎದೆಗವಚಿಕೊಂಡು ಸಾಕಿದವಳು ಅವಳು. ಗೋರಂಟಿಯ ಮೊದಲ ಝಗರೂತ ಅವಳ ಗಂಟಲಿನಿಂದ ಹೊರಡದೆ ಇನ್ಯಾರದರಿಂದ ಹೊರಡಬೇಕು?

"ಗೋರಂಟಿ ಮುಗೀಲಿ, ಆಮೇಲೆ ಎಷ್ಟು ಬೇಕಾದ್ರೂ ಕೊಯ್ಯಪ್ಪ."

ಮಂಚದ ಪಕ್ಕದಲ್ಲೇ ಇದ್ದ ನೆಸ್ಮಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಜ್ಜಿ, ಅವತ್ತು ನೀನೇನಾದ್ರೂ ಮತ್ತೆ ಇಲ್ಲಿ ಬಂದು ಬಿದ್ಕೊಂಡ್ರೆ, ನಾನು ಹಸಿ ಗೋರಂಟೀಲೇ ಬಂದು ನಿನ್ನ ಪಕ್ಕ ಮಲಗ್ತೀನಿ. ಇವರ ಬಿಳಿ ಚಾದರಕ್ಕೆಲ್ಲ ಬಳೀತೀನಿ."

ಈ ಹುಡುಗಿ ಮಾಡಿಯೇ ಮಾಡುವವಳು. ಬಹೀಗಾ ಆಪರೇಷನ್ನಿಗೆ ಒಪ್ಪಿದಳು.

ಎಲ್ಲ ಸುಸೂತ್ರವಾಗಿ ಮುಗಿದು ಮನೆಗೆ ಬಂದರೆ, ನೋಯುತ್ತಿದ್ದದ್ದು ನಕ್ಕಾಗ ಮಾತ್ರ. ನಗು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೋ ಎಂದು ನರ್ಸು ಹೇಳಿಕೊಟ್ಟಿದ್ದಳು. ಬಂದ ಹೆಂಗಸರೆಲ್ಲ ನಗಿಸುವವರೇ. ದಿಂಬಿಗೆ ಬಿಡುವೇ ಇಲ್ಲ.

ಇನ್ಸಾಫ್ ಪಾರಿವಾಳದ ಸಾರು ಹಿಡಿದು ಬಂದಳು. "ಸತ್ತಿಲ್ವೇನೇ ಇನ್ನೂ?"

"ಓಣೀನ ನಿನ್ನ ಕೈಗೆ ಕೊಟ್ಟು ಸಾಯ್ತೀನಾ?" ಎಂದ ಬಹೀಗಾ ಸಾರು ಕುಡಿಯುತ್ತ ಕಣ್ಣು ತಗ್ಗಿಸಿದಳು. "ಗೋರಂಟಿಗೆ ನೀನೇ ಎತ್ತಿಬಿಡೇ."

"ಹೊಲಿಗೆ ಹಾಕಿಸ್ಕೊಂಡು ಬಿದ್ದಿರೋಳ ಮೇಲೆ ಗೆಲ್ಲೋಕೆ ನನಗೇನು ನಾಚಿಕೆ ಇಲ್ವಾ?" ಇನ್ಸಾಫ್ ಮುಖ ಸಿಂಡರಿಸಿದಳು. ಬರಿದಾದ ಬಟ್ಟಲನ್ನು ಕಸಿದುಕೊಂಡು, ಇದ್ದಕ್ಕಿದ್ದಂತೆ ಕಿವಿಯ ಹತ್ತಿರ ಬಗ್ಗಿದಳು. "ನಾಲಿಗೆ ನೀನು ಆಡಿಸು. ಗಂಟಲು ನಂದು."

ಬಹೀಗಾ ದಿಂಬಿಗೆ ಕೈ ಚಾಚಿದಳು.

ಗೋರಂಟಿಯ ಸಂಜೆ ಮನೆ ತುಂಬಿ ಮೆಟ್ಟಿಲ ಮೇಲೂ ಹೆಂಗಸರು. ಬಹೀಗಾಳನ್ನು ಮಂಚದ ಮೇಲೆ ಕೂರಿಸಿದ್ದರು. ಬೆನ್ನ ಹಿಂದಿನ ಪರದೆಯ ಮರೆಯಲ್ಲಿ ಇನ್ಸಾಫ್. ನೆಸ್ಮಾಳ ಅಂಗೈಗೆ ಗೋರಂಟಿಯ ಮೊದಲ ಉಂಡೆ ಬಿದ್ದದ್ದೇ, ಬಹೀಗಾ ಬಾಯಿಗೆ ಕೈ ಅಡ್ಡ ಹಿಡಿದು ನಾಲಿಗೆ ಕುಣಿಸಿದಳು. ಹೊರಟಿತು ಝಗರೂತ! ಏರಿತು, ಹೊರಳಿತು, ಇನ್ನೇನು ಮುಗಿಯಿತು ಎನ್ನುವಾಗ ಮತ್ತೆ ಏರಿತು. ಹೆಂಗಸರು ದಂಗಾದರು.

"ಅಬ್ಬಬ್ಬಾ, ಆಪರೇಷನ್ ಆದ್ಮೇಲೆ ಇನ್ನೂ ಜೋರಾಗಿದೆ!"

"ಆ ಇನ್ಸಾಫ್ ಎಲ್ಲೇ? ಬಂದು ಕೇಳಿಸ್ಕೊಳ್ಳಲಿ. ಅವಳು ಏಳು ಜನ್ಮ ಎತ್ತಿ ಬಂದ್ರೂ ಹೀಗೆ ಎಳೆಯೋಕಾಗಲ್ಲ!"

ಝಗರೂತ ತಟ್ಟನೆ ನಿಂತಿತು. "ಅದು ನಂದೇ ಕಣ್ರೇ, ಕತ್ತೆಗಳಾ!" ಪರದೆ ಕಿತ್ತುಕೊಂಡು ಇನ್ಸಾಫ್ ಹೊರಬಂದಳು. ಮಂಚದ ಮೇಲೆ ಬಹೀಗಾಳ ನಾಲಿಗೆ, ಸದ್ದಿಲ್ಲದೆ, ಇನ್ನೂ ಕುಣಿಯುತ್ತಲೇ ಇತ್ತು.

ಅದನ್ನು ಕಂಡು ನೆಸ್ಮಾ ನಕ್ಕಳು ನೋಡಿ, ಗೋರಂಟಿ ಬಟ್ಟಲು ಬೋರಲಾಯಿತು, ಮೆಟ್ಟಿಲ ಮೇಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು, ಎಲ್ಲ ಗಂಟಲುಗಳಿಂದಲೂ ಒಟ್ಟಿಗೇ ಝಗರೂತ ಎದ್ದಿತು.

"ನಿಲ್ಲಿಸ್ರೇ, ಹೊಲಿಗೆ ಬಿಚ್ಚತ್ತೆ!" ಬಹೀಗಾ ನಗಲೂ ಆಗದೆ, ತಡೆಯಲೂ ಆಗದೆ ದಿಂಬಿಗೆ ತಡಕಾಡಿದಳು. ದಿಂಬು ಯಾರ ಕಾಲಡಿ ಹೋಗಿತ್ತೋ. ಇನ್ಸಾಫ್ ಮಂಚ ಹತ್ತಿ, ಹಿಂದಿನಿಂದ ಅವಳನ್ನು ತಬ್ಬಿ, ತನ್ನ ಎರಡೂ ಅಂಗೈಗಳನ್ನು ಅವಳ ಹೊಟ್ಟೆಯ ಮೇಲೆ ಒತ್ತಿ ಹಿಡಿದಳು.

"ನಗು," ಎಂದಳು. "ನಾನು ಹಿಡ್ಕೊಂಡಿದ್ದೀನಿ."