ಟೀ ವಿರಾಮದ ಸಂಗೀತ

ಕಾಲರ್ ಇಲ್ಲ, ಗುಂಡಿ ಇಲ್ಲ, ಈ ನುಣುಪು ಬಟ್ಟೆಗೆ ಮೈಕಿನ ಕ್ಲಿಪ್ಪು ಎಲ್ಲಿ ಸಿಕ್ಕಿಸುವುದು, ಜಾರುತ್ತದೆ, ಜಾರಿದರೆ ಮಾತಿನ ಬದಲು ಹೊಟ್ಟೆಯ ಗುಡುಗುಡು ಕೇಳಿಸುತ್ತದೆ, ಆಗ ಬೈಗುಳ ಯಾರಿಗೆ, ಇನ್ಯಾರಿಗೆ, ಸೌಂಡಿನವನಿಗೆ — ಮೇಡಂ, ಸ್ವಲ್ಪ ಗಲ್ಲ ಎತ್ತಿ ಎಂದ, ಆಕೆ ಎತ್ತಿದಳು, ಅವನ ಮುಖ ನೋಡಲಿಲ್ಲ, ಪಕ್ಕದ ಕುರ್ಚಿಯವನ ಜೊತೆ ಮಾತೂ ನಿಲ್ಲಿಸಲಿಲ್ಲ, ಕ್ಷೌರಕ್ಕೆ ಕೂತವರು ಕತ್ತಿಗೆ ಕತ್ತು ಕೊಟ್ಟು ರಾಜಕೀಯ ಮಾತಾಡುವ ಹಾಗೆ. ಹಾಲ್ ತುಂಬ ಡಿಜೆಗಳು, ಡಿಜೆ ಆಗಬೇಕೆಂದಿರುವವರು, ಮನೆಯಲ್ಲಿ ಕೂತು ಬೀಟು ಕಟ್ಟುವವರು, ಎಲ್ಲರೂ ಟಿಕೆಟ್ ಕೊಂಡು ಬಂದಿರುವುದು ಹಾಡಿನ ಕಂಪನಿಯ ಈ ಹೆಂಗಸಿನ ಎದುರು ಎರಡು ನಿಮಿಷ ನಿಲ್ಲುವುದಕ್ಕೆ, ಅಂಥವಳ ಕುತ್ತಿಗೆಯಿಂದ ನಾಲ್ಕು ಬೆರಳು ದೂರದಲ್ಲಿ ಅವನ ಮೂಗಿದೆ, ಮೂಗಿನ ಕೆಳಗೆ ಬಾಯಿಯೂ ಇದೆ, ಆದರೆ ಬಿಡುವ ಹಾಗಿಲ್ಲ. ಹೋದ ವರ್ಷ ನಟನೊಬ್ಬನ ಜೊತೆ ಫೋಟೊ ಕೇಳಿದ ಸಪ್ಲೈಯರ್ ಸಂಜೆಯೊಳಗೆ ಗೇಟಿನಾಚೆ ಇದ್ದ, ಅತಿಥಿ ಅಂದ್ರೆ ಅತಿಥಿ, ನಾವು ಅಂದ್ರೆ ಗೋಡೆ, ಮ್ಯಾನೇಜರ್ ಅಂದದ್ದು, ಗೋಡೆ ಯಾವತ್ತಾದ್ರೂ ಮಾತಾಡುತ್ತೇನ್ರೀ. ಗೋಡೆಗೂ ಕಿವಿ ಇರುತ್ತೆ ಸಾರ್ ಅನ್ನಬೇಕಿತ್ತು, ಇಂಥ ಉತ್ತರಗಳು ಯಾವಾಗಲೂ ಬಸ್ಸು ಹೊರಟ ಮೇಲೆ ಹೊಳೆಯುತ್ತವೆ. ಸೊಂಟಕ್ಕೆ ಮೈಕಿನ ಪೆಟ್ಟಿಗೆ ಸಿಕ್ಕಿಸಿ, ಆಯ್ತು ಮೇಡಂ. ಆಕೆ ಆಡಿದ್ದು ಥ್ಯಾಂಕ್ಸ್, ಅದೂ ಮೈಕಿಗೋ ಅವನಿಗೋ.

ಈಗ ಹಾಲಿನ ಹಿಂಬದಿಯಲ್ಲಿ ತನ್ನ ಮಿಕ್ಸರ್ ಮುಂದೆ ಕೂತಿದ್ದಾನೆ, ಒಂದೊಂದು ಮೈಕಿಗೂ ಒಂದೊಂದು ಸಾಲು, ಸಾಲಿನ ತಲೆಯ ಮೇಲೆ ಪುಟ್ಟ ಹಸಿರು ದೀಪ, ಅಲ್ಲಿ ಯಾರು ಬಾಯಿ ತೆರೆದರೂ ಇಲ್ಲಿ ಅವರ ದೀಪ ಮಿಣುಕುತ್ತದೆ, ಆಕೆಯದು ಕೊನೆಯ ಸಾಲು, ಮಿಣುಕುತ್ತಲೇ ಇದೆ. ನಮಗೆ ಸುಮ್ಮಸುಮ್ಮನೆ ಟ್ರ್ಯಾಕ್ ಕಳಿಸಬೇಡಿ ಅನ್ನುತ್ತಿದ್ದಾಳೆ ಆಕೆ, ಗುರುತಿಲ್ಲದವರು ಕಳಿಸಿದ್ದನ್ನ ಕೇಳೋಕೆ ನಮಗೆ ಪುರುಸೊತ್ತಿಲ್ಲ, ಮೊದಲು ಪರಿಚಯ ಆಗಿ, ನಾಲ್ಕು ಕಡೆ ಕಾಣಿಸಿಕೊಳ್ಳಿ, ನಿಮ್ಮ ಮುಖ ನಮಗೆ ಗೊತ್ತಿರಲಿ. ಮುಖವಂತೆ. ಕಿವಿಯ ವ್ಯಾಪಾರದಲ್ಲಿ ಮುಖ ಯಾರಿಗೆ ಬೇಕು ತಾಯಿ. ಹಾಗಾದರೆ ಎರಡು ವರ್ಷದಿಂದ ನಿನ್ನ ಕಂಪನಿಗೆ ನಾನು ಕಳಿಸಿದ್ದೆಲ್ಲ ಯಾವ ಬಾವಿಗೆ ಬಿತ್ತು, ಪ್ರತಿಸಲ ಅದೇ ಉತ್ತರ, ನಿಮ್ಮ ಸಂಗೀತ ತಲುಪಿದೆ, ಧನ್ಯವಾದಗಳು, ಮನುಷ್ಯರು ಬರೆದದ್ದಲ್ಲ ಅದು, ಯಂತ್ರ ಬರೆದದ್ದು, ಹೋಗಲಿ ಬಿಡು, ಯಂತ್ರದಲ್ಲಿ ಮಾಡಿದ ಸಂಗೀತಕ್ಕೆ ಯಂತ್ರವೇ ಮೆಚ್ಚಿ ಉತ್ತರ ಕೊಟ್ಟಿತು ಅಂತ ಸಮಾಧಾನ ಮಾಡಿಕೋ. ಮುಂದಿನ ಕುರ್ಚಿಗಳವರು ಆಕೆಯ ಮಾತು ಬರೆದುಕೊಳ್ಳುತ್ತಿದ್ದಾರೆ, ಕೊರಳಲ್ಲಿ ಟಿಕೆಟ್ ಕೊಂಡವರ ಕಿತ್ತಳೆ ಬಣ್ಣದ ಪಟ್ಟಿ, ಅವನ ಕೊರಳಲ್ಲಿ ಕಪ್ಪು, ಕಪ್ಪು ಅಂದರೆ ನೌಕರ, ಕಿತ್ತಳೆ ಕೊಳ್ಳೋಣ ಅಂತ ಹೋದ ತಿಂಗಳು ಹೆಂಡತಿಯ ಹತ್ತಿರ ಬಾಯಿ ತೆರೆದಿದ್ದ, ಅವಳು ಕೂಗಾಡಲಿಲ್ಲ, ಮಗಳ ಶೂ ತಂದು ಅಡಿಭಾಗ ತೋರಿಸಿ ಹೋದಳು. ಭಾವಮೈದ ಬೇರೆ, ಭಾವ, ನೀವು ಜನರ ಜೊತೆ ಬೆರೀಬೇಕು ಭಾವ, ಮೂಲೆ ಹಿಡಿದು ಕೂತ್ರೆ ಯಾರು ಬಂದು ಕರೀತಾರೆ — ಇವನು ಟೈಲ್ಸ್ ಮಾರುವವನು, ಸಾವಿನ ಮನೆಗೆ ಹೋದಲ್ಲೂ ಹೆಣದ ಕಡೆಯವರಿಗೆ ಕಾರ್ಡು ಕೊಟ್ಟು ಬಂದ ಗಿರಾಕಿ, ನಾಚಿಕೆ ಅನ್ನುವುದನ್ನು ಹುಟ್ಟುವಾಗಲೇ ಆಸ್ಪತ್ರೆಯಲ್ಲಿ ಬಿಟ್ಟು ಬಂದವನು, ಸಿಟ್ಟು ಬರುವುದು ಯಾಕೆಂದರೆ ಅವನ ಟೈಲ್ಸು ಖರ್ಚಾಗುತ್ತವೆ. ಅತ್ತೆಯದು ಇನ್ನೊಂದು ರಾಗ, ಕಿವಿಗೆ ಡಬ್ಬಿ ಕಟ್ಟಿಕೊಂಡು ಕೂತವನಿಗೆ ಮನೆ ಹೊತ್ತಿ ಉರಿದರೂ ಬಿಸಿ ತಾಗೋದಿಲ್ಲ. ಅವನ ಟ್ರ್ಯಾಕನ್ನು ಮಗಳೊಬ್ಬಳೇ ಪೂರ್ತಿ ಕೇಳಿದ್ದು, ಕಾಲು ಆಡಿಸುತ್ತಾ, ಶಿಸ್ತಾಗಿ, ಕೇಳಿ ಮುಗಿಸಿ ಹೇಳಿದ್ದು, ಚೆನ್ನಾಗಿದೆ ಅಪ್ಪಾ, ಹಾಡು ಯಾವಾಗ ಶುರುವಾಗುತ್ತೆ.

ದೀಪಗಳನ್ನು ನೋಡಿಕೊಳ್ಳುವವನು, ಎಲ್ಲರ ಬಾಯಲ್ಲೂ ಬಲ್ಬು ಅವನು, ಪಕ್ಕಕ್ಕೆ ಬಂದು ಪಿಸುಗುಟ್ಟಿದ, ಅಣ್ಣಾ, ಟೀಗೆ ಬಿಟ್ಟಾಗ ಏನಾದ್ರೂ ಹಾಕಲೇಬೇಕಲ್ಲ, ಲಿಫ್ಟಿನೊಳಗೆ ಹಾಕುವಂಥ ಆ ಪಿಯಾನೊ ಕೇಳಿ ಕೇಳಿ ವಾಂತಿ ಬರುತ್ತೆ, ನಿಂದೇ ಹಾಕು, ಯಾರು ಕೇಳ್ತಾರೆ. ಯಾರು ಕೇಳ್ತಾರೆ ಅಂತ ಅವನು ಧೈರ್ಯಕ್ಕೆ ಹೇಳಿದ್ದು, ಅದೇ ಭಯ ಅಂತ ಆ ಬಲ್ಬಿಗೆ ಏನು ಗೊತ್ತು. ಆದರೂ ಹೌದಲ್ಲ. ಬಾಯಿ ಬಿಡಬಾರದು ಅಂದಿದ್ದಾರೆಯೇ ಹೊರತು ವಿರಾಮದಲ್ಲಿ ಯಾವ ಸಂಗೀತ ಅಂತ ಯಾರೂ ಹೇಳಿಲ್ಲ, ಗೋಡೆಯೇ ಹಾಡಿದರೆ ತಪ್ಪು ಗೋಡೆಯದೇ. ಚಪ್ಪಾಳೆ ಬಿತ್ತು, ಕುರ್ಚಿಗಳು ಕಿರುಗುಟ್ಟಿದವು, ಅವನು ಪೆನ್‌ಡ್ರೈವ್ ಸಿಕ್ಕಿಸಿದ, ಒತ್ತಿದ — ತಳದಲ್ಲಿ ನಿಧಾನದ ಡುಬ್ ಡುಬ್, ಅದರ ಮೇಲೆ ನಾಲ್ಕು ಸ್ವರ ಮೆಟ್ಟಿಲಿಳಿದ ಹಾಗೆ ಇಳಿದು ಬಂದು, ಐದನೆಯದು ಬರಬೇಕಾದ ಕಡೆ ಖಾಲಿ, ಆ ಖಾಲಿ ಬಿಡಬೇಕೋ ತುಂಬಬೇಕೋ ಅಂತ ಒಂದು ಇಡೀ ಬೇಸಿಗೆ ಹೊಡೆದಾಡಿದ್ದಾನೆ, ಈ ಹಾಲಿನ ದೊಡ್ಡ ಸ್ಪೀಕರುಗಳಲ್ಲಿ ಮೊದಲ ಸಲ ಕೇಳುತ್ತಿದ್ದಾನೆ, ಎದೆಗೂಡು ನಡುಗುತ್ತಿದೆ, ಮತ್ತು ಒಬ್ಬರು, ಅಯ್ಯಾ, ಒಬ್ಬರಾದರೂ ತಲೆ ಎತ್ತಬಾರದೆ. ಎಲ್ಲರ ಬಾಯಿ ತೆರೆದಿದೆ, ಕಿವಿ ಬಾಡಿಗೆಗೂ ಸಿಗುವುದಿಲ್ಲ. ನಂದು ಕೇಳಿ ಬ್ರೋ, ನೀವು ನಂದು ಕೇಳಿ, ಲಿಂಕ್ ಕಳಿಸ್ತೀನಿ, ನಾನೂ ಕಳಿಸ್ತೀನಿ, ಕೊಡುವ ಕೈಗಳೇ ಎಲ್ಲ, ಇಸಿದುಕೊಳ್ಳುವ ಕೈ ಒಂದೂ ಇಲ್ಲ, ಅಡುಗೆಯವರೆಲ್ಲ ಸೇರಿ ಒಬ್ಬರ ಮೇಲೊಬ್ಬರು ಸಾರು ಚೆಲ್ಲಿಕೊಂಡು ಎಲ್ಲರೂ ಹಸಿದು ಮನೆಗೆ ಹೋದ ಹಾಗೆ. ಸಂಗೀತದವರ ಜಾತ್ರೆಯಲ್ಲಿ ಸಂಗೀತವೇ ಅಡ್ಡಿ. ಫೋನು ನಡುಗಿತು, ಹೆಂಡತಿ, ಬರ್ತಾ ಗೋಂದು ತನ್ನಿ, ಮರೀಬೇಡಿ, ನಾಳೆ ಇವಳು ಸ್ಕೂಲಲ್ಲಿ ರಟ್ಟಿನ ಮನೆ ತೋರಿಸಬೇಕಂತೆ. ತರ್ತೀನಿ. ತಲೆ ಎತ್ತಿದರೆ ಕಂಪನಿಯ ಮೇಡಂ ಗುಂಪು ಸೀಳಿಕೊಂಡು ಬರುತ್ತಿದ್ದಾಳೆ, ಇತ್ತಲೇ, ಮಿಕ್ಸರಿನ ಕಡೆಗೇ, ಟೀ ಕಪ್ಪು ಕೈಯಲ್ಲಿ, ನೇರ ಅವನನ್ನೇ ನೋಡುತ್ತಾ — ಬಂದಳು, ಕೇಳಿಸಿತು, ಯಾರದ್ದಿದು ಅಂತಾಳೆ, ಏನು ಹೇಳಲಿ, ನಂದು ಅಂದರೆ ಅತಿಥಿಗೆ ತೊಂದರೆ ಕೊಟ್ಟ ಹಾಗಲ್ಲ, ಕೇಳಿದ್ದಕ್ಕೆ ಹೇಳಿದ್ದು, ಎದ್ದು ನಿಲ್ಲಲೋ ಕೂತೇ ಇರಲೋ, ಎದ್ದ.

ಸ್ವಲ್ಪ ಮ್ಯೂಸಿಕ್ ಕಮ್ಮಿ ಮಾಡ್ತೀರಾ, ಅಂದಳು, ಒಬ್ಬರಿಗೊಬ್ಬರು ಮಾತಾಡೋದೇ ಕೇಳಿಸ್ತಿಲ್ಲ.

ಖಂಡಿತ ಮೇಡಂ — ಅವನ ಬಾಯೇ ಅಂದದ್ದು, ಅವನ ಬೆರಳೇ ಇಳಿಸಿದ್ದು, ಬೇರೆ ಯಾರಾದರೂ ಬಂದು ಅದರ ಕತ್ತು ಹಿಸುಕಿದ್ದರೆ ಜಗಳವಾದರೂ ಆಡಬಹುದಿತ್ತು, ತನ್ನ ಕೂಸಿನ ಬಾಯಿಗೆ ತಾನೇ ಕೈ ಒತ್ತಿ ಹಿಡಿದು ಕ್ಷಮಿಸಿ ಮೇಡಂ ಅಂತಲೂ ಸೇರಿಸಿದ, ಥೂ, ಅದೊಂದು ಬೇಕಿತ್ತು. ಬಲ್ಬು ದೂರದಿಂದ ಏನಾಯ್ತು ಅಂತ ಕೈ ತಿರುಗಿಸಿ ಕೇಳುತ್ತಿದ್ದಾನೆ, ಆಗಬೇಕಾದ್ದು ಆಯ್ತು ಕಣೋ, ಹೋಗಿ ನಿನ್ನ ದೀಪ ನೋಡ್ಕೋ. ದೀಪ. ಆಕೆಯ ಸಾಲಿನ ಹಸಿರು ದೀಪ ಮಿಣುಕುತ್ತಿದೆ, ಮೈಕು ಕಳಚದೆ ಹಾಗೇ ಹೊರಗೆ ಹೋಗಿದ್ದಾಳೆ, ಎಲ್ಲರೂ ಮಾಡುವುದೇ ಇದು, ಮಂತ್ರಿಗಳಿಂದ ಹಿಡಿದು ಮದುಮಕ್ಕಳವರೆಗೆ, ಹಾಲಿಗೆ ಕೇಳದ ಹಾಗೆ ಸ್ಪೀಕರಿಗೆ ಹೋಗುವುದನ್ನು ಮಾತ್ರ ಮೊದಲೇ ಕಡಿದಿದ್ದಾನೆ, ಹೆಡ್‌ಫೋನಿಗೆ ಬರುವುದನ್ನಲ್ಲ, ಇನ್ನು ಮೈಕಿನ ಸಾಲನ್ನೇ ಮುಚ್ಚಬೇಕು, ವೇದಿಕೆ ಇಳಿದವರ ಮಾತು ಕೇಳಬಾರದು, ಇಷ್ಟು ವರ್ಷದಲ್ಲಿ ಕೇಳಿಲ್ಲ, ಈ ಕೆಲಸದ ಮಾನ ಇರುವುದೇ ಅದರಲ್ಲಿ. ಹೆಡ್‌ಫೋನು ಅಭ್ಯಾಸಬಲದಿಂದ ಕಿವಿಗೇರಿತ್ತು. ಬಾಗಿಲು, ಹಿಮ್ಮಡಿಯ ಟಕಟಕ, ಮೇಡಂ ಒಂದು ನಿಮಿಷ, ಆಮೇಲೆ ಸಿಗೋಣ, ಮೇಡಂ ಕಾರ್ಡ್, ಆಮೇಲೆ ಅಂದೆನಲ್ಲಪ್ಪಾ, ಇನ್ನೊಂದು ಬಾಗಿಲು, ಟಾಯ್ಲೆಟ್ಟಿನದು, ನಿಶ್ಶಬ್ದ, ಉಸ್ಸಪ್ಪಾ ಅಂತ ಉಸಿರು, ಅವನ ಹೆಂಡತಿ ಅಂಗಡಿಯಿಂದ ಬಂದು ಚಪ್ಪಲಿ ಬಿಡುವಾಗ ಬಿಡುವಂಥದ್ದೇ ಉಸಿರು, ಮುಚ್ಚಬೇಕು, ಈಗಲೇ, ಬೆರಳು ಗುಂಡಿಯ ಮೇಲಿದೆ, ಆಗ ಮೂಗಿನಲ್ಲೇ, ತನಗೇ ತಿಳಿಯದ ಹಾಗೆ, ಹ್ಞುಂ ಹ್ಞುಂ ಹ್ಞುಂ ಹ್ಞುಂ — ಇಳಿದು ನಿಂತಿತು. ಖಾಲಿ. ಮತ್ತೆ. ಇಳಿದು ನಿಂತಿತು, ಐದನೆಯದು ಇಲ್ಲ, ಅವನು ಬಿಟ್ಟ ಜಾಗದಲ್ಲೇ ಬಿಡುತ್ತಿದ್ದಾಳೆ, ಓಡು, ಓಡಲೇ, ಹೋಗಿ ಹೇಳು, ಏನಂತ ಹೇಳಲಿ, ಮೇಡಂ ನೀವು ಗುನುಗಿದ್ದು ನಂದು, ನಾನು ಗುನುಗಿದ್ದು ನಿಮಗೆ ಹೇಗೆ ಗೊತ್ತು ಅಂತಾಳೆ, ಅಲ್ಲಿಗೆ ಮುಗಿಯಿತು, ಆ ಪ್ರಶ್ನೆಗೆ ಉತ್ತರ ಇರುವ ಯಾವ ಗಂಡಸಿಗೂ ನಾಳೆ ಕೆಲಸ ಇರುವುದಿಲ್ಲ, ಸುಮ್ಮನಿದ್ದರೆ ಆಕೆಗೆ ಇದು ಯಾರದೆಂದು ಎಂದೆಂದಿಗೂ ತಿಳಿಯುವುದಿಲ್ಲ, ಸಂಜೆಯೊಳಗೆ ಮರೆತೂ ಹೋಗುತ್ತದೆ, ಗಂಟೆ ಹೊಡೆದರು, ಟೀ ಮುಗಿಯಿತು, ಈಗ ಬರುತ್ತಾಳೆ, ಕ್ಲಿಪ್ಪು ಜಾರಿರುತ್ತದೆ, ಮತ್ತೆ ಗಲ್ಲ ಎತ್ತಿ ನಿಲ್ಲುತ್ತಾಳೆ, ಅದೇ ನಾಲ್ಕು ಬೆರಳು ದೂರ, ಗುಂಡಿ ಒತ್ತಬೇಕು, ಒತ್ತುತ್ತಿಲ್ಲ, ಕೊನೆಯ ಸಾಲಿನಲ್ಲಿ ಹಸಿರು ದೀಪ, ಹತ್ತಿತು, ಹತ್ತಿತು, ಹತ್ತಿತು, ಹತ್ತಿತು — ಆರಿತು. ಹತ್ತಿತು, ಹತ್ತಿತು, ಹತ್ತಿತು, ಹತ್ತಿತು —